ಕಳ್ಳ ಮೆಟ್ಟಿಲು

ನಾನು ಬಿದ್ದದ್ದು ನಮ್ಮ ಮನೆಯ ಮೆಟ್ಟಿಲ ಮೇಲೆ, ಹಾಡಹಗಲು, ಕಣ್ಣು ಬಿಟ್ಟುಕೊಂಡು. ಕೈಯಲ್ಲಿ ಐದು ತಿಂಗಳ ಮಗಳಿದ್ದಳು. ಮೊಬೈಲ್ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎದುರಿನ ಔಷಧಿ ಅಂಗಡಿಯಾಕೆ "ಪಾಪ, ಫೋನ್ ನೋಡ್ಕೊಂಡು ಇಳೀತಿದ್ಲಂತೆ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಾಳೆ. ಎರಡು ಕೈಯಲ್ಲೂ ಕೂಸನ್ನು ಹಿಡಿದವಳು ಫೋನನ್ನೇನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳೇ? ಹೇಳಿದವಳಿಗೂ ಅದು ಹೊಳೆಯಲಿಲ್ಲ, ಕೇಳಿದವರಿಗೂ ಹೊಳೆಯಲಿಲ್ಲ.

ನಮ್ಮದು ಕೆಳಗೆ ಕೆಲಸದ ಮನೆ, ಮೇಲೆ ವಾಸದ ಮನೆ. ಮಾವ ಬಡಗಿ. ಕುರ್ಚಿ, ಮಂಚ, ಸೋಫಾದ ಚೌಕಟ್ಟು ಮಾಡುತ್ತಾರೆ. ಚೌಕಟ್ಟಿಗೆ ಫೋಮ್ ಕತ್ತರಿಸಿ, ಬಟ್ಟೆ ಬಿಗಿಯಾಗಿ ಎಳೆದು, ಪಿನ್ನು ಹೊಡೆದು ಕುಶನ್ ಕೂರಿಸುವುದು ನನ್ನ ಕೆಲಸ. ನಮ್ಮ ಯಜಮಾನರು ತಯಾರಾದ ಸಾಮಾನನ್ನು ವ್ಯಾನಿನಲ್ಲಿ ಗಿರಾಕಿಗಳ ಮನೆಗೆ ಮುಟ್ಟಿಸುತ್ತಾರೆ. ಅತ್ತೆ ಮೇಲಿನ ಮನೆಯನ್ನೂ ನಮ್ಮ ಮೂವರನ್ನೂ ನಡೆಸುತ್ತಾರೆ. ಮಗಳು ಹುಟ್ಟಿದ ಮೇಲೆ ನಾನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದೆನೋ ಲೆಕ್ಕವಿಟ್ಟವರಿಲ್ಲ. ಹಾಲು ಕುಡಿಸಲು ಮೇಲೆ, ಕೆಲಸಕ್ಕೆ ಕೆಳಗೆ, ಅವಳು ಹಟ ಹಿಡಿದರೆ ಅವಳನ್ನೂ ಎತ್ತಿಕೊಂಡು ಕೆಳಗೆ. ಫೋಮಿನ ತುಂಡುಗಳ ನಡುವೆ ಮಲಗಿಸಿದರೆ ರಾಣಿಯ ಹಾಗೆ ಕಾಲಾಡಿಸಿಕೊಂಡು ಇರುತ್ತಿದ್ದಳು. ಗುಂಡು ಗುಂಡಗಿದ್ದಾಳೆ ಎಂದು ಅವಳಿಗೆ ಗುಂಡಮ್ಮ ಎಂದೇ ಹೆಸರು ಬಿದ್ದಿತ್ತು.

ಆ ಮರದ ಮೆಟ್ಟಿಲನ್ನು ಮಾವ ತಮ್ಮ ಪ್ರಾಯದಲ್ಲಿ ಮಾಡಿದ್ದು. ಕೆಳಗಿನಿಂದ ಮೂರನೆಯ ಹಲಗೆ ಕೂರಿಸುವಾಗ ಅಳತೆ ತಪ್ಪಿ, ಅದು ಇರಬೇಕಾದ್ದಕ್ಕಿಂತ ಎರಡು ಬೆರಳು ತಗ್ಗಿಗೆ ಕೂತುಬಿಟ್ಟಿತ್ತು. ಆಮೇಲೆ ಸರಿಮಾಡೋಣ ಎಂದರು. ಊರವರ ಮನೆ ಕೆಲಸವೆಲ್ಲ ಇವತ್ತು, ಬಡಗಿಯ ಮನೆ ಕೆಲಸ ಮಾತ್ರ ಆಮೇಲೆ. ಹೀಗೆ ವರ್ಷಗಟ್ಟಲೆ ಹೋಯಿತು. ಆ ಮೆಟ್ಟಿಲಿಗೆ ಕಳ್ಳ ಎಂದು ಹೆಸರಾಯಿತು. ಹೊಸಬರು ಯಾರೇ ಬಂದರೂ ಅಲ್ಲಿ ಎಡವುತ್ತಿದ್ದರು. ಆದ್ದರಿಂದ ಯಾರಾದರೂ ಇಳಿಯಲು ಹೊರಟರೆ ಸಾಕು, ಮನೆಯ ಯಾವ ಮೂಲೆಯಿಂದಲಾದರೂ ಒಂದು ಕೂಗು ಬರುತ್ತಿತ್ತು: "ಮೂರನೇದು ಕಳ್ಳ, ನೋಡ್ಕೊಂಡು!"

ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ದಿನಾ ಎಡವಿದವಳೇ. ಒಂದು ದಿನ ತುಂಬಿದ ಬಕೆಟ್ಟು ಹಿಡಿದು ಒಂದು ಹನಿ ತುಳುಕಿಸದೆ ಇಳಿದು ಬಂದೆ. ಅತ್ತೆ ಮೇಲಿನಿಂದಲೇ, "ಆಯ್ತಲ್ಲ, ಇನ್ನು ನೀನು ಈ ಮನೆಯವಳು" ಎಂದರು. ಅಲ್ಲಿಂದ ಮುಂದೆ ಆ ವಿಷಯ ತಲೆಯಿಂದ ಹೋಗಿ ಕಾಲಿಗಿಳಿಯಿತು. ಕಳ್ಳನ ಮೇಲಿಳಿಯಲು ಒಂದು ಆಳದ ಹೆಜ್ಜೆ, ಅವನಿಂದ ಕೆಳಕ್ಕೆ ಒಂದು ಗಿಡ್ಡ ಹೆಜ್ಜೆ. ಮಾತಾಡುತ್ತ, ನಗುತ್ತ, ಜಗಳವಾಡುತ್ತ ಇಳಿದರೂ ಕಾಲು ತಪ್ಪುತ್ತಿರಲಿಲ್ಲ.

ಆ ದಿನ ತಪ್ಪಿತು. ಹಿಂದಿನ ದಿನ ಲಸಿಕೆ ಹಾಕಿಸಿಕೊಂಡು ಬಂದ ಮೇಲೆ ಗುಂಡಮ್ಮನಿಗೆ ಮೈ ಬಿಸಿಯಾಗಿ, ನಾನು ಮೇಲಿನಿಂದ ಇಳಿದೇ ಇರಲಿಲ್ಲ. ಹಾಲು ಕುಡಿಸಿ ಗುಂಡಮ್ಮನನ್ನು ಎದೆಗೆ ಒರಗಿಸಿಕೊಂಡು ಇಳಿಯುತ್ತಿದ್ದೆ. ಕಳ್ಳನ ಮೇಲೆ ಕಾಲಿಟ್ಟಾಗ ಹಲಗೆ ಹಿಮ್ಮಡಿಗೆ ಬೇಗನೆ ಬಂದು ಧಡ್ಡೆಂದು ತಗುಲಿತು. ಮುಂದಿನ ಕಾಲಿಗೆ ಮೆಟ್ಟಿಲು ಸಿಗಬೇಕಾದ ಕಡೆ ಏನೂ ಸಿಗಲಿಲ್ಲ. ಅಷ್ಟೇ. ಗೋಡೆ ಹಿಡಿಯಬೇಕು, ಕೈ ಊರಬೇಕು ಎನ್ನುವುದೆಲ್ಲ ಆಮೇಲೆ ಕೂತು ಯೋಚಿಸುವವರ ಮಾತು. ನನ್ನ ಎರಡು ಕೈಯೂ ಮಗಳನ್ನು ಒತ್ತಿ ಹಿಡಿದುಕೊಂಡವು, ಮೈ ತಾನಾಗಿ ಮಗ್ಗುಲಿಗೆ ತಿರುಗಿತು. ಎಡ ಮೊಣಕೈ ನೆಲಕ್ಕೆ ಬಡಿಯಿತು, ಬೆನ್ನಿನ ತುದಿಯ ಮೂಳೆ ಮೆಟ್ಟಿಲ ಅಂಚಿಗೆ ಬಡಿಯಿತು. ಗುಂಡಮ್ಮ ನನ್ನ ಎದೆಯ ಮೇಲೇ ಇದ್ದಳು. ಮೊದಲು ಸದ್ದಿಲ್ಲ. ಆಮೇಲೆ ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಆ ಕಿರುಚಾಟ ಕೇಳಿ ನನಗೆ ಹೋದ ಜೀವ ಬಂತು.

ಮೂವರೂ ಮೂರು ಕಡೆಯಿಂದ ಓಡಿ ಬಂದರು. ಅತ್ತೆ ಮಗುವನ್ನು ಕಿತ್ತುಕೊಂಡು ತಲೆ, ಬೆನ್ನು, ಕೈಕಾಲು ಎಲ್ಲ ತಡವಿ ನೋಡಿದರು. ಯಜಮಾನರು "ಮಗೂಗೆ ಪೆಟ್ಟಾಯ್ತಾ? ಮಗೂಗೆ ಏನಾದ್ರೂ ಆಯ್ತಾ?" ಎಂದು ಅದನ್ನೇ ಕೇಳಿದರು. ಮಾವ ಕೈಯಲ್ಲಿ ಗರಗಸ ಹಿಡಿದುಕೊಂಡು ನಿಂತವರು ನಿಂತೇ ಇದ್ದರು, ಮುಖ ಸುಣ್ಣ ಬಳಿದ ಹಾಗಾಗಿತ್ತು. ನಾನು ನೆಲದ ಮೇಲಿದ್ದುಕೊಂಡೇ "ನನಗೇನೂ ಆಗಿಲ್ಲ" ಎಂದೆ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದೆ. ಏಳಲೆಂದು ಎಡಗೈ ಊರಿದಾಗ ಕಣ್ಣಿಗೆ ಕತ್ತಲೆ ಬಂತು.

ಆಸ್ಪತ್ರೆಯಲ್ಲಿ ಮೊದಲು ಗುಂಡಮ್ಮನನ್ನು ನೋಡಿದರು. ಅವಳಿಗೆ ಒಂದು ಗೀರು ಕೂಡ ಇರಲಿಲ್ಲ. ಡಾಕ್ಟರರ ಪೆನ್ನು ಕಿತ್ತುಕೊಳ್ಳಲು ನೋಡಿದಳು. ಆಮೇಲೆ ನನ್ನ ಸರದಿ. ಮೊಣಕೈ ಮುರಿದಿತ್ತು, ಬೆನ್ನಿನ ತುದಿಯ ಮೂಳೆಗೆ ಏಟಾಗಿತ್ತು. ಪ್ಲಾಸ್ಟರ್ ಹಾಕುತ್ತಿದ್ದ ನರ್ಸಮ್ಮ ತಲೆ ಎತ್ತದೆಯೇ ಕೇಳಿದರು.

"ಮಗು ಎತ್ಕೊಂಡಿದ್ದಾಗ ಬಿದ್ರಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಬರೀ ಕೈಲಿ ಬಿದ್ದೋರು ಸಾಮಾನ್ಯವಾಗಿ ಅಂಗೈ ಊರ್ತಾರೆ, ಮಣಿಕಟ್ಟು ಮುರ್ಕೊಂಡು ಬರ್ತಾರೆ. ಅಮ್ಮಂದಿರು ಮಗು ಬಿಡಲ್ಲ ನೋಡಿ. ಮೊಣಕೈ, ಮಂಡಿ, ಬೆನ್ನು, ಯಾವುದಿದ್ಯೋ ಅದನ್ನ ಕೊಟ್ಟು ಬೀಳ್ತಾರೆ. ಮೊನ್ನೆ ಒಬ್ರು ಬಚ್ಚಲಲ್ಲಿ ಜಾರಿದ್ರು. ಅದಕ್ಕೆ ಮುಂಚೆ ಒಬ್ರು ಬಸ್ಸಿಂದ ಇಳಿಯೋವಾಗ. ಕೈ ಅಲ್ಲಾಡಿಸ್ಬೇಡಿ."

ಅವರು ಹವಾಮಾನದ ಸುದ್ದಿ ಓದುವವರ ಹಾಗೆ ಹೇಳಿದರು. ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ನಾನು ಬಸುರಿಯಾಗಿದ್ದಾಗ ಅದು ತಿನ್ನಬೇಡ, ಇದು ತಿನ್ನಬೇಡ, ಹೀಗೆ ಮಲಗು, ಹಾಗೆ ಏಳು ಎಂದು ಹೇಳಲು ಊರೆಲ್ಲ ಬಂದಿತ್ತು. ಕೂಸನ್ನು ಎತ್ತಿಕೊಂಡರೆ ನಿನ್ನ ಕಾಲೇ ನಿನಗೆ ಕಾಣುವುದಿಲ್ಲ ಕಣೇ ಎಂದು ಹೇಳಲು ಒಬ್ಬ ಪುಣ್ಯಾತ್ಗಿತ್ತಿಯೂ ಬಂದಿರಲಿಲ್ಲ.

ಮನೆಗೆ ಬಂದ ಮೇಲೆ ಬೇರೆಯೇ ಕಥೆ. ಊರಿಗೆಲ್ಲ ಮೆತ್ತನೆಯ ಸೀಟು ಮಾಡಿಕೊಡುವ ನನಗೆ ಯಾವ ಸೀಟಿನ ಮೇಲೂ ಕೂರಲಾಗುತ್ತಿರಲಿಲ್ಲ. ಬಲಗೈಯಲ್ಲಿ ಮೆಟ್ಟಿಲ ಕಟಕಟೆ ಬಿಗಿ ಹಿಡಿದು, ಕಾಲಿನಿಂದ ತಡವಿ ತಡವಿ ಇಳಿದು ಬಂದು, ಮೆಟ್ಟಿಲ ಬುಡದಲ್ಲಿದ್ದ ನನ್ನ ಮೇಜಿನ ಮುಂದೆ ನಿಂತೇ ಒಂದು ಕೈಯಲ್ಲಿ ಆಗುವ ಚಿಲ್ಲರೆ ಕೆಲಸ ಮಾಡುತ್ತಿದ್ದೆ. ಗುಂಡಮ್ಮ ಅತ್ತೆಯ ಪಾಲಾದಳು. ಹಸಿವಾದಾಗ ನನ್ನ ಹತ್ತಿರ ತಂದು ಮಲಗಿಸುತ್ತಿದ್ದರು, ಕುಡಿದಾದ ಕೂಡಲೇ ಎತ್ತಿಕೊಂಡು ಹೋಗುತ್ತಿದ್ದರು. "ಸ್ವಲ್ಪ ದಿನ ನೀನು ಎತ್ಕೋಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಎಂದರು ಯಜಮಾನರು. ಒಳ್ಳೆಯದು ಎನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿಹೋಯಿತು.

ಆದರೆ ಸುಳ್ಳು ಯಾಕೆ ಹೇಳಲಿ, ನನಗೂ ಭಯ ಹಿಡಿದಿತ್ತು. ಅವಳನ್ನು ಮುಟ್ಟಿದರೆ ಸಾಕು, ಕಾಲ ಕೆಳಗಿನ ನೆಲ ಇಲ್ಲದಂತಾಗುತ್ತಿತ್ತು. ಈ ಕಾಲನ್ನು ನಂಬುವ ಹಾಗಿಲ್ಲ, ಇನ್ನೊಂದು ಸಲ ಬಿದ್ದರೆ ಅವಳ ಅದೃಷ್ಟ ಹೀಗೇ ಇರುತ್ತದೆಯೇ ಎಂದುಕೊಂಡು ಕೈ ಹಿಂದಕ್ಕೆ ತೆಗೆಯುತ್ತಿದ್ದೆ. ಅವಳು ನನ್ನ ಪಕ್ಕದಲ್ಲಿ ಮಲಗಿದ್ದರೂ ಅಜ್ಜಿಯ ದನಿ ಕೇಳಿದರೆ ಅತ್ತ ಹೊರಳುತ್ತಿದ್ದಳು. ಅದನ್ನು ನೋಡಿದಾಗ ಆಗುತ್ತಿದ್ದ ಸಂಕಟದ ಮುಂದೆ ಮೊಣಕೈ ನೋವು ಏನೂ ಅಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಮಗಳನ್ನು ನಾನೇ ಎತ್ತಿಕೊಂಡು ಆ ಮೆಟ್ಟಿಲು ಇಳಿಯಬೇಕು. ಅದು ಇನ್ನು ಈ ಜನ್ಮದಲ್ಲಿ ಆಗುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಒಂದು ಸಲ ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟೆ. "ಮೆಟ್ಟಿಲೇ ಯಾಕೋ ಸರಿ ಇರಲಿಲ್ಲ ಅನ್ಸುತ್ತೆ" ಎಂದೆ.

ಅತ್ತೆ ಬಡಿಸುವುದನ್ನು ನಿಲ್ಲಿಸದೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದರು.

ಅವರು ಕೆಟ್ಟವರಲ್ಲ. ಅವರ ನಾಲಿಗೆಯ ತುದಿಯಲ್ಲಿ ಗಾದೆಗಳು ಸಾಲಾಗಿ ನಿಂತಿರುತ್ತವೆ, ಬಾಯಿ ತೆರೆದರೆ ಒಂದು ಬಿದ್ದುಬಿಡುತ್ತದೆ. ಆದರೆ ಆ ಮಾತಿಗೆ ಮಾವ ಅರ್ಧ ಊಟ ಬಿಟ್ಟು ಎದ್ದು ಕೈ ತೊಳೆದುಕೊಂಡರು. ಈಚೆಗೆ ಅವರು ಹಾಗೆಯೇ ಇದ್ದರು. ಮಾತಿಲ್ಲ, ನಗುವಿಲ್ಲ, ಮೊಮ್ಮಗಳನ್ನು ಎತ್ತಿಕೊಳ್ಳುವುದೂ ಇಲ್ಲ. ಸೊಸೆಯ ಮೇಲೆ ಸಿಟ್ಟಿರಬೇಕು ಎಂದುಕೊಂಡೆ.

ಆಮೇಲೆ ಒಂದು ದಿನ ಕನ್ನಡಕ ಹಾಕಿಕೊಂಡ ಗಿರಾಕಿಯೊಬ್ಬರು ಬಂದರು. ದಪ್ಪ ಮನುಷ್ಯ, ಮಾತು ಜಾಸ್ತಿ. ಮೇಲಿನ ಮನೆಯಲ್ಲಿದ್ದ ನಮ್ಮ ಸೋಫಾದಂಥದ್ದೇ ಬೇಕೆಂದು ಅದನ್ನು ನೋಡಲು ಯಜಮಾನರ ಜೊತೆ ಹತ್ತಿದರು. ಅವರು ಇಳಿಯತೊಡಗಿದಾಗ ನಾನು ಮೇಜಿನಿಂದಲೇ ಅಭ್ಯಾಸಬಲದಿಂದ ಕೂಗಿದೆ.

"ಮೂರನೇದು ಕಳ್ಳ, ನೋಡ್ಕೊಂಡು!"

ಆ ಮನುಷ್ಯ ನಿಂತು, ಬಗ್ಗಿ ನೋಡಿ, ಟಪಟಪನೆ ಇಳಿದು ಬಂದು, "ಎಲ್ಲಮ್ಮ ಕಳ್ಳ? ಎಲ್ಲಾ ಮರ್ಯಾದಸ್ಥರೇ ಇದ್ದಾರಲ್ಲ!" ಎಂದು ನಕ್ಕರು.

ಅವರ ಹಿಂದೆಯೇ ಬರುತ್ತಿದ್ದ ನಮ್ಮ ಯಜಮಾನರು, ಹುಟ್ಟಿದಾಗಿನಿಂದ ಆ ಮೆಟ್ಟಿಲ ಮೇಲೆ ಆಡಿ ಬೆಳೆದವರು, ಅಲ್ಲೇ ಧಡ್ಡೆಂದು ಮುಗ್ಗರಿಸಿ ಎರಡೂ ಕೈಯಲ್ಲಿ ಕಟಕಟೆ ಹಿಡಿದುಕೊಂಡರು. ಸುತ್ತ ನೋಡಿದರು. ನಾನು ನೋಡುತ್ತಿರುವುದು ಕಾಣಿಸಿತು.

"ಚಪ್ಪಲಿ ಸರಿ ಇಲ್ಲ" ಎಂದರು.

ಅವರು ಬರಿಗಾಲಿನಲ್ಲಿದ್ದರು.

ಆ ದಿನವೆಲ್ಲ ನಾನು ಕೆಲಸ ಮಾಡಿದ್ದು ಅಷ್ಟಕ್ಕಷ್ಟೇ, ಮೆಟ್ಟಿಲು ಕಾದದ್ದೇ ಹೆಚ್ಚು. ಅತ್ತೆ ಒಗೆಯುವ ಬಟ್ಟೆ ತೆಗೆದುಕೊಂಡು ಇಳಿದರು. ಮೂರನೆಯದಕ್ಕೆ ಬಂದಾಗ ಕೈಯನ್ನು ಗೋಡೆಗೆ ಕೊಟ್ಟು, ಬಿಸಿನೀರಿಗೆ ಕಾಲಿಡುವವರ ಹಾಗೆ ಎರಡೆರಡು ಸಲ ಮುಟ್ಟಿ ನೋಡಿ ಕಾಲಿಟ್ಟರು.

"ಎಡವಿದ್ರಾ ಅತ್ತೆ?"

"ನಾನ್ಯಾಕೆ ಎಡವಲಿ? ನಿನಗೆ ಬೇರೆ ಕೆಲಸ ಇಲ್ವಾ?" ಎಂದು ಸಿಡುಕಿ ಬಚ್ಚಲಿಗೆ ಹೋದರು.

ನಾನು ಬಟ್ಟೆ ಅಳೆಯುವ ಟೇಪು ತೆಗೆದುಕೊಂಡು ಹೋಗಿ ಒಂದೊಂದೇ ಮೆಟ್ಟಿಲಿಗೆ ಹಿಡಿದೆ. ಕೂರಲಾಗದ್ದರಿಂದ ಮಂಡಿಯೂರಿ ಅಳೆದೆ. ಎಲ್ಲವೂ ಒಂದೇ ಎತ್ತರ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಕಳ್ಳ ಇರಲೇ ಇಲ್ಲ. ನೆಲ ಡೊಂಕಾಗಿರಲಿಲ್ಲ, ಯಾರಿಗೂ ತಿಳಿಯದ ಹಾಗೆ ನೆಟ್ಟಗಾಗಿಬಿಟ್ಟಿತ್ತು.

ಮಾವ ಕುರ್ಚಿಯ ಕಾಲು ಉಜ್ಜುತ್ತ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

"ಮಾವ, ಮೆಟ್ಟಿಲು ಯಾವಾಗ ಸರಿಮಾಡಿದ್ರಿ?"

ಅವರ ಕೈ ನಿಂತಿತು. ಕುರ್ಚಿಯ ಕಾಲನ್ನು ಪಕ್ಕಕ್ಕಿಟ್ಟು, "ನೀನು ಬೀಳೋಕೆ ಮುಂಚಿನ ದಿನ ಕಣಮ್ಮ. ನೀವೆಲ್ಲ ಮಗೂಗೆ ಲಸಿಕೆ ಹಾಕಿಸೋಕೆ ಹೋಗಿದ್ರಲ್ಲ, ಆವಾಗ" ಎಂದರು. "ಹಲಗೆ ಎತ್ತಿ, ಕೆಳಗೆ ತುಂಡು ಮರ ಕೊಟ್ಟು, ಅದೇ ಹಲಗೆ ಮತ್ತೆ ಕೂರಿಸಿದೆ. ಇನ್ನೇನು ಅವಳು ಅಂಬೆಗಾಲಿಡ್ತಾಳೆ, ಮೆಟ್ಟಿಲು ಹತ್ತೋಕೆ ಹೋಗ್ತಾಳೆ. ಇಷ್ಟು ವರ್ಷ ಸೋಮಾರಿತನ ಮಾಡಿದ್ದಾಯ್ತು, ಅವಳಿಗಾದ್ರೂ ಸರಿಯಾಗಿರೋ ಮೆಟ್ಟಿಲು ಇರಲಿ ಅಂತ."

"ಹೇಳಬಾರದಾಗಿತ್ತಾ?"

"ನೀವೇ ನೋಡಿ ಕೇಳ್ತೀರ ಅಂತ ಇದ್ದೆ. ಅರೆ, ಕಳ್ಳ ಎಲ್ಲಿ ಹೋದ ಅಂತ ಯಾರಾದ್ರೂ ಅನ್ನಲಿ, ಆಮೇಲೆ ಹೇಳೋಣ ಅಂತ. ಸಾಯಂಕಾಲ ಎಲ್ಲಾ ಕಾದೆ. ಯಾರೂ ಅನ್ನಲಿಲ್ಲ."

ಒಂದು ಭೇಷ್ ಅನ್ನಿಸಿಕೊಳ್ಳಲು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿರಿಯರು, ಮಾವ ಎನ್ನುವುದೆಲ್ಲ ಮರೆತುಹೋಯಿತು.

"ಅವಳ ತಲೆ ನೆಲಕ್ಕೆ ಬಡಿದಿದ್ರೆ? ಆವಾಗಲೂ ಕಾಯ್ತಿದ್ರಾ? ಆಯ್ತು, ಬಿದ್ದೆ. ಬಿದ್ದ ಮೇಲಾದ್ರೂ ಬಾಯಿ ಬಿಡಬಹುದಿತ್ತಲ್ಲ! ಎಲ್ಲರೂ ನನ್ನನ್ನೇ ಅಂದ್ರು. ನನ್ನ ಮಗೂನ ಎತ್ಕೊಳ್ಳೋಕೆ ನನಗೇ ಭಯ. ಅದನ್ನೆಲ್ಲ ನೋಡ್ತಾ ಇದ್ರಿ ನೀವು, ಇಲ್ಲೇ ಕೂತ್ಕೊಂಡು!"

"ಬಾಯೇ ಬರಲಿಲ್ಲ ಕಣಮ್ಮ. ಮೊಮ್ಮಗಳನ್ನ, ಸೊಸೇನ ನಾನೇ ಬೀಳಿಸ್ದೆ ಅಂತ ಹೇಗೆ ಹೇಳಲಿ?" ಅವರು ಮಡಿಲಲ್ಲಿದ್ದ ಮರದ ಪುಡಿ ಕೊಡವಿಕೊಂಡರು. "ಹೇಳ್ಬೇಕು ಹೇಳ್ಬೇಕು ಅಂತ ದಿನಾ ಬೆಳಗ್ಗೆ ಅಂದ್ಕೊಳ್ಳೋದು. ನಿನ್ನ ಕೈ ನೋಡಿದ್ರೆ ಆಮೇಲೆ ಹೇಳೋಣ ಅನ್ಸೋದು."

ಕೂಗಾಟ ಕೇಳಿ ಅತ್ತೆ ಒದ್ದೆ ಕೈಯಲ್ಲೇ ಬಂದಿದ್ದರು, ಯಜಮಾನರು ವ್ಯಾನಿನಿಂದ ಇಳಿದು ಬಂದಿದ್ದರು. ಅತ್ತೆ ಗಂಡನನ್ನು ಹರಿದು ತಿನ್ನುತ್ತಾರೆ ಎಂದು ಕಾದೆ. ಅವರು ಹೋಗಿ ಅದೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಾನೂ ಎಡವಿದೆ" ಎಂದರು. "ಇವಳು ಬೀಳೋ ಹಿಂದಿನ ಸಾಯಂಕಾಲಾನೇ. ಗೋಡೆ ಹಿಡ್ಕೊಂಡೆ. ಕಣ್ಣು ಮಂಜಾಯ್ತೇನೋ, ಹೇಳಿದ್ರೆ ವಯಸ್ಸಾಯ್ತು ಅಂತ ನನ್ನ ಮೇಲೇ ಕೂರಿಸ್ತೀರ ಅಂತ ಸುಮ್ನಾದೆ."

"ನಾನೂನು" ಎಂದರು ಯಜಮಾನರು, ನೆಲ ನೋಡುತ್ತ. "ಆವತ್ತೇ. ನಿದ್ದೆ ಸಾಲ್ದು, ಅದಕ್ಕೇ ಅಂದ್ಕೊಂಡೆ."

"ಚಪ್ಪಲಿ ಅಂದ್ರಲ್ಲ!"

ಅಂದರೆ ಮನೆಯಲ್ಲಿ ಎಲ್ಲರೂ ಎಡವಿದ್ದರು. ಅವರ ಕೈ ಖಾಲಿ ಇತ್ತು, ಸಿಕ್ಕಿದ್ದನ್ನು ಹಿಡಿದುಕೊಂಡರು. ನನ್ನ ಕೈ ತುಂಬಿತ್ತು, ಬಿದ್ದೆ. ಇಷ್ಟು ದಿನ ನಾನು ತಿಂದ ಮಾತಿಗೂ, ಸುರಿಸಿದ ಕಣ್ಣೀರಿಗೂ ಇದ್ದ ಕಾರಣ ಇಷ್ಟೇ. ನನಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಅತ್ತೆ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು, "ಆ ಗಾದೆ ಅನ್ನಬಾರದಾಗಿತ್ತು" ಎಂದರು. ಅವರು ಒಂದು ಗಾದೆಯನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಅದೇ ಮೊದಲು ಕಂಡದ್ದು.

ಮರುದಿನ ಬೆಳಗ್ಗೆ ಮಾವ ಹಲಗೆ ಎಬ್ಬಿಸುವ ಮೀಟುಗೋಲು ಹಿಡಿದು ಮೆಟ್ಟಿಲ ಮುಂದೆ ಕೂತಿದ್ದರು.

"ಏನು ಮಾಡ್ತಿದ್ದೀರ?"

"ಮೊದಲಿನ ಹಾಗೇ ಮಾಡಿಬಿಡ್ತೀನಿ. ಎಲ್ಲರ ಕಾಲಿಗೂ ಅದೇ ಗೊತ್ತು."

"ಗುಂಡಮ್ಮನ ಕಾಲಿಗೆ ಯಾವುದೂ ಗೊತ್ತಿಲ್ಲ" ಎಂದೆ. "ಅವಳು ಸರಿಯಾಗಿರೋದನ್ನೇ ಕಲೀಲಿ. ನಮಗೆ ಬೇಕಾದ್ರೆ ನಾವು ಕಲೀತೀವಿ. ಮುಟ್ಬೇಡಿ ಅದನ್ನ."

ಅಷ್ಟು ಹೇಳಿ ನಾಲ್ಕು ದಿನ ಅವರೊಂದಿಗೆ ಮಾತು ಬಿಟ್ಟೆ. ಸಿಟ್ಟು ನ್ಯಾಯ ಕೇಳಿಕೊಂಡು ಇಳಿಯುವುದಿಲ್ಲ. ಮನೆಯವರೆಲ್ಲ ಹೊಸದಾಗಿ ನಡೆಯಲು ಕಲಿಯುವವರ ಹಾಗೆ ಹತ್ತಿದರು, ಇಳಿದರು. ಅತ್ತೆ "ಸಮ, ಸಮ, ಸಮ" ಎಂದು ಗೊಣಗಿಕೊಂಡು ಇಳಿಯುತ್ತಿದ್ದರು. ಯಜಮಾನರು ದಿನಕ್ಕೊಮ್ಮೆಯಾದರೂ ಮುಗ್ಗರಿಸಿ, ನನ್ನ ಮುಖ ನೋಡಿ, "ಚಪ್ಪಲಿ" ಎನ್ನುತ್ತಿದ್ದರು. ನಾನೂ ಇಳಿದೆ, ಬರೀ ಕೈಯಲ್ಲಿ. ಕಾರಣ ಗೊತ್ತಾದರೆ ಭಯ ಹೋಗುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು. ಗೊತ್ತಾದದ್ದು ತಲೆಗೆ. ಭಯವಿದ್ದದ್ದು ಮಂಡಿಯಲ್ಲಿ.

ಪ್ಲಾಸ್ಟರ್ ತೆಗೆದ ದಿನ ಕೈ ಒಣಗಿದ ಕಡ್ಡಿಯಂತಿತ್ತು, ಪೂರ್ತಿ ಚಾಚಲು ಬರುತ್ತಿರಲಿಲ್ಲ. ಮಾವ ನನ್ನ ಹತ್ತಿರ ಬಂದು, ಕೇಳಲೋ ಬೇಡವೋ ಎನ್ನುವ ಹಾ‌ಗೆ ನಿಂತು, ಕೊನೆಗೆ ಕೇಳಿದರು.

"ಗೋಡೆ ಕಡೆಗೂ, ಮೇಲಿಂದ ಕೆಳಗಿನ ತನಕ ಒಂದು ಕೈಹಿಡಿ ಹಾಕೋಣ ಅಂತಿದ್ದೀನಿ. ಹಾಕಲಾ?"

"ಕೂಸನ್ನ ಎರಡು ಕೈಲಿ ಎತ್ಕೊಂಡವಳಿಗೆ ಎರಡು ಕಡೆ ಹಿಡಿ ಇದ್ದು ಏನಾಗಬೇಕು ಮಾವ?"

"ಬಲಗೈಲಿ ಎತ್ಕೊಂಡ್ರೆ ಎಡಗೈ ಇರುತ್ತಲ್ಲ. ಇಳಿಯೋವಾಗ ಗೋಡೆ ನಿನ್ನ ಎಡಕ್ಕೆ ಬರುತ್ತೆ. ಆ ಕೈ ಎಷ್ಟು ಚಾಚೋಕಾಗುತ್ತೋ ಅಷ್ಟು ಚಾಚು. ಎಲ್ಲಿಗೆ ಬೇಕು ಹೇಳು, ಅಲ್ಲಿಗೇ ಹಾಕ್ತೀನಿ."

ನಾನು ಮೆಟ್ಟಿಲ ಮೇಲೆ ನಿಂತು ಮಡಚಿದ ಕೈಯನ್ನು ಗೋಡೆಗಿಟ್ಟೆ. ಅವರು ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, "ಇಷ್ಟಾ? ಇನ್ನೂ ಮೇಲಾ?" ಎಂದು ಮತ್ತೆ ಕೇಳಿ, ನನ್ನಿಂದ ಹೂಂ ಅನ್ನಿಸಿಕೊಂಡು ಆಮೇಲೆ ಅಳತೆ ಬರೆದುಕೊಂಡರು. ಹಿಡಿ ಮಾಮೂಲಿಗಿಂತ ಎತ್ತರಕ್ಕೆ ಬಂತು, ನೋಡಲು ವಿಚಿತ್ರವಾಗಿತ್ತು. ಎದುರಿನ ಔಷಧಿ ಅಂಗಡಿಯಾಕೆ ಬಂದು ನೋಡಿ, "ಅಳತೆ ತಪ್ಪಿದೆ" ಎಂದಳು. ಮಾವ ಹಿಡಿಗೆ ಇನ್ನೊಂದು ಕೈ ಪಾಲಿಶ್ ಹಚ್ಚಿದರು.

ಅದಾಗಿ ಕೆಲವು ದಿನಗಳಾಗಿದ್ದವು. ಯಜಮಾನರು ಸಾಮಾನು ಮುಟ್ಟಿಸಲು ಹೋಗಿದ್ದರು, ಅತ್ತೆ ಕೆಳಗೆ ನನಗೆ ಬಟ್ಟೆ ಹಿಡಿದುಕೊಡುತ್ತಿದ್ದರು. ಮೇಲೆ ಗುಂಡಮ್ಮ ಎದ್ದು ರಾಗ ತೆಗೆದಳು. ಅತ್ತೆ ಬಟ್ಟೆ ಬಿಟ್ಟು ಎದ್ದರು.

"ನೀವಿರಿ ಅತ್ತೆ, ನಾನು ಕರ್ಕೊಂಡು ಬರ್ತೀನಿ" ಎಂದುಬಿಟ್ಟೆ. ಅಂದ ಮೇಲೆ, ಅಯ್ಯೋ, ಯಾಕಾದರೂ ಅಂದೆನೋ ಎನ್ನಿಸಿತು. ಆದರೆ ಬಾಯಿಂದ ಬಿದ್ದಾಗಿತ್ತು.

ಗುಂಡಮ್ಮ ಬಾಗಿಲ ಕಡೆ ನೋಡಿದಳು. ಅಜ್ಜಿಯನ್ನು ಹುಡುಕಿದಳು ಎಂದು ನನಗೆ ಗೊತ್ತು. ಆಮೇಲೆ ನನ್ನನ್ನು ನೋಡಿ, ಹುಟ್ಟಿದ್ದ ಒಂದೇ ಹಲ್ಲು ತೋರಿಸಿ ನಕ್ಕಳು. ಬಲಗೈಯಲ್ಲಿ ಎತ್ತಿ ಭುಜಕ್ಕೆ ಹಾಕಿಕೊಂಡೆ. ಎಷ್ಟು ಭಾರವಾಗಿದ್ದಳು! ನಾನು ಎತ್ತಿಕೊಳ್ಳದೆ ಇದ್ದ ದಿನಗಳಲ್ಲೆಲ್ಲ ಬೆಳೆದುಬಿಟ್ಟಿದ್ದಳು.

ಮೆಟ್ಟಿಲ ತುದಿಗೆ ಬಂದು ನಿಂತೆ. ಕೆಳಗೆ ಮಾವನ ಗರಗಸದ ಸದ್ದು ನಿಂತಿತು. ಇಬ್ಬರೂ ಬಂದು ಮೆಟ್ಟಿಲ ಬುಡದಲ್ಲಿ ಮುಖ ಮೇಲೆತ್ತಿ ನಿಂತರು.

"ಇಬ್ಬರೂ ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ!" ಎಂದು ಕೂಗಿದೆ. ಒಬ್ಬರೂ ಕದಲಲಿಲ್ಲ.

ಎಡಗೈಯಿಂದ ಹಿಡಿಯನ್ನು ಹಿಡಿದೆ. ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ನಿಂತು, ಉಸಿರು ಬಿಟ್ಟು, ಆಮೇಲೆ ಮುಂದಿನದು. ಮೂರನೆಯದಕ್ಕೆ ಬಂದಾಗ ಕಾಲು ಹಳೆಯ ಚಾಳಿಗೆ ಆಳಕ್ಕೆ ಹೋಗಲು ನೋಡಿತು. ಹಲಗೆ ತಗುಲಿತು. ಗುಂಡಮ್ಮನನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು, ಬೆರಳು ಚಾಚಿ, ಕೆಳಗಿನ ಮೆಟ್ಟಿಲು ಎಲ್ಲಿದೆ ಎಂದು ಹುಡುಕಿದೆ. ಇತ್ತು. ಅದರ ಕೆಳಗಿನದೂ ಇತ್ತು. ನೆಲವೂ ಇತ್ತು.

ಅತ್ತೆ ಎರಡು ಕೈಯನ್ನೂ ಚಾಚಿಕೊಂಡು ಮುಂದೆ ಬಂದರು. "ತಾ ಇಲ್ಲಿ, ಕೈ ನೋಯುತ್ತೆ ನಿನಗೆ."

ನಿಜವಾಗಿಯೂ ನೋಯುತ್ತಿತ್ತು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ನೋಯಲಿ ಅತ್ತೆ" ಎಂದೆ.

ಅತ್ತೆ ನನ್ನ ಮುಖ ನೋಡಿ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕೆ ಸರಿದರು. ನಾನು ಮಗಳನ್ನು ಎತ್ತಿಕೊಂಡೇ ನನ್ನ ಮೇಜಿನವರೆಗೆ ನಡೆದೆ. ಅಲ್ಲಿ ಫೋಮಿನ ಮೇಲೆ ಅವಳನ್ನು ಮಲಗಿಸಲು ಜಾಗವಿತ್ತು. ಮಲಗಿಸಲಿಲ್ಲ.